ಮುಚ್ಚಳ

ನಿಸೆಫೊರೊ, ನೀನು ಹೋದ ಮೇಲೆ
ಚಿಂಬೋತೆಯಲ್ಲಿ ಬದಲಾದದ್ದು ಕಮ್ಮಿ.
ಕೊಲ್ಲಿಯ ನೀರು ಇನ್ನೂ ಹಳೇ ಎಣ್ಣೆಯ ಬಣ್ಣ,
ಹೆಜ್ಜಾರ್ಲೆಗಳು ಸಾಲ ವಸೂಲಿಗೆ ಬಂದವರಂತೆ
ದಕ್ಕೆಯ ಕಂಬಕ್ಕೊಂದೊಂದು ಕೂತಿರುತ್ತವೆ.
ಮೀನುಹಿಟ್ಟಿನ ಕಾರ್ಖಾನೆ ಹೊಗೆ ಬಿಟ್ಟ ದಿನ
ಊರೆಲ್ಲ ಮೂಗು ಮುಚ್ಚಿ ಅದೇ ಮಾತು ಆಡುತ್ತದೆ:
"ನಾರುತ್ತಿರುವುದು ದುಡ್ಡು."
ಯಾರ ದುಡ್ಡು ಅಂತ ಮಾತ್ರ
ಇವತ್ತಿಗೂ ಯಾರೂ ಮೂಸಿ ಹೇಳಿಲ್ಲ.

ನನಗೀಗ ಹೊಸ ಕೆಲಸ.
ಕೊಳವೆಯ ಬಾಯಲ್ಲಿ ಬಕೆಟ್ ಹಿಡಿದು ನಿಂತು
ಸಂಗ್ವಾಸಾ ತುಂಬಿಸುವುದು.
ಹೌದು, ಅದೇ, ನಿನ್ನ ಅಂಗಿಯಿಂದ
ಹನ್ನೊಂದು ವರ್ಷ ಉಜ್ಜಿದರೂ ಬಿಡದ
ಮೀನಿನ ನೆತ್ತರು, ಹುರುಪೆ, ಜಿಡ್ಡು, ಕೊಳೆತ ನೀರು.
ವಿಶ್ವವಿದ್ಯಾಲಯದ ಹುಡುಗಿ ಮಿಲುಸ್ಕಾ
ಎರಡೂ ಕೈಯಲ್ಲಿ ಈಸಿಕೊಳ್ಳುತ್ತಾಳೆ
ಎಣ್ಣೆ ಸ್ನಾನದ ಕೂಸನ್ನು ಎತ್ತಿಕೊಂಡ ಹಾಗೆ.

ಹಿಂದಿನ ಷೆಡ್ಡಿನಲ್ಲಿ ಹದಿನಾಲ್ಕು ಜಾಡಿ.
ಒಂದೊಂದರಲ್ಲೂ ಸೀದ ರೊಟ್ಟಿಯಂಥ
ಇಂಗಾಲದ ಬಟ್ಟೆ, ಅದಕ್ಕೊಂದು ತಂತಿ,
ತಳಕ್ಕೆ ಕೊಲ್ಲಿಯ ಕೆಸರು.
ಅದನ್ನು ತಂದುಕೊಟ್ಟವಳೂ ನಾನೇ,
ಹಾಲಿನ ಪುಡಿಯ ಡಬ್ಬಿಯಲ್ಲಿ, ಮೊಣಕಾಲುದ್ದ ನೀರಿಗಿಳಿದು.
"ಈ ಕೆಸರಲ್ಲಿ ಜೀವಗಳಿವೆ, ದೋನ್ಯಾ ತೆಯೋಫಿಲಾ" ಎಂದಳು.
"ಗೊತ್ತು, ಮೈ ತುರಿಸುತ್ತಿದೆ" ಎಂದೆ.
ನಕ್ಕಳು. ಆಮೇಲೆ ಹೇಳಿಕೊಟ್ಟಳು:

ಉಂಡವರೆಲ್ಲ ಉಸಿರಾಡಬೇಕು.
ಇವು ಹೊಲಸನ್ನು ಉಣ್ಣುತ್ತವೆ,
ಆದರೆ ತಳದಲ್ಲಿ ಗಾಳಿಯಿಲ್ಲ.
ಹಾಗಾದರೆ ಉಸಿರನ್ನು ಎಲ್ಲಿ ಬಿಡುವುದು?
ಕರಿ ಬಟ್ಟೆಗೆ ಮೈಯೊತ್ತಿ ಅದರೊಳಕ್ಕೇ ಬಿಡುತ್ತವೆ.
ಬಿಟ್ಟ ಉಸಿರು ತಂತಿ ಹಿಡಿದು ಹೊರಡುತ್ತದೆ
ಆಚೆ ದಡದ ಗಾಳಿಯನ್ನು ಹುಡುಕಿಕೊಂಡು.
ದಾರಿಯಲ್ಲಿ ನಾವೊಂದು ದೀಪ ಇಟ್ಟು
ಸುಂಕ ಕೇಳುತ್ತೇವೆ.
"ಅಷ್ಟೇ" ಎಂದಳು, "ಕರೆಂಟು ಅಂದರೆ ಅಷ್ಟೇ."

ಅಷ್ಟೇನಾ, ನಿಸೆಫೊರೊ?

ಒಂದು ನಿಯಮ ಮಾತ್ರ ಕಟ್ಟುನಿಟ್ಟು:
ಮುಚ್ಚಳ ತೆರೆಯಬಾರದು.
ಗಾಳಿ ಒಳಹೊಕ್ಕರೆ ಅವು ತಂತಿಯನ್ನು ಮರೆಯುತ್ತವೆ.
ಇದನ್ನು ನನಗೆ ಹೇಳುತ್ತಾಳೆ.
ನನಗೆ.
ದಕ್ಕೆಯ ಮೇಲೆ ನಿಂತು ಮುಚ್ಚಳ ತೆಗೀರಿ, ಮುಚ್ಚಳ ತೆಗೀರಿ
ಎಂದು ಗಂಟಲು ಹರಿಯುವ ಹಾಗೆ ಕೂಗಿದವಳಿಗೆ.

ಮೂರು ದಿನದ ಮೀನು ಕೊಳೆತ ದೋಣಿಯ ಹೊಟ್ಟೆಯಲ್ಲಿ
ಪಂಪು ಕಟ್ಟಿಕೊಂಡಿತೆಂದು ಏಣಿ ಇಳಿದೆ ನೀನು.
ನಿನ್ನನ್ನು ಎತ್ತಲು ಇಳಿದ ಉಕಾನ್ಯಾನರ ಕಿರಿಯವನೂ
ಮೂರನೇ ಮೆಟ್ಟಿಲಲ್ಲೇ ಮಲಗಿದ.
ಡಾಕ್ಟರು ಬರೆದ ಪದ ನನಗೆ ಓದಲು ಬರಲಿಲ್ಲ.
ಅಲ್ಲಿ ಗಾಳಿ ಇರಲಿಲ್ಲ, ಅಷ್ಟೇ, ಎಂದರು.

ಅದೇ ನೀರು, ಅದೇ ಕತ್ತಲು.
ನಿನ್ನಿಂದಾಗದ್ದು ಕಣ್ಣಿಗೆ ಕಾಣದ ಹುಳುವಿಗೆ ಆಗುತ್ತದಲ್ಲ ಎಂದು
ಮೊದಲ ವಾರ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.
ಒಂದು ಜಾಡಿಯನ್ನು ಒದೆಯುವವಳಿದ್ದೆ.
ಕಾಲಿಗೆ ಬೂಟು ಇರಲಿಲ್ಲ, ಬಿಟ್ಟೆ.

ದೀಪವೇನು ಮಹಾ ದೀಪವಲ್ಲ.
ಸಾಸಿವೆಗಿಂತ ತುಸು ದಪ್ಪ, ಕೆಂಪು.
ಹದಿನಾಲ್ಕು ಜಾಡಿಯ ದುಡಿಮೆ ಕೂಡಿಟ್ಟು
ಎರಡು ನಿಮಿಷಕ್ಕೊಮ್ಮೆ ಮಿಟುಕುತ್ತದೆ.
ನಡುವೆ ಒಂದು ಈರುಳ್ಳಿ ಹೆಚ್ಚಿ ಮುಗಿಸಬಹುದು.
ಮ್ಯಾನೇಜರು ಬಂದ,
ಇದರಿಂದ ನನ್ನ ಫೋನು ಚಾರ್ಜಾಗುತ್ತಾ ಎಂದು ಕೇಳಿ
ಮಿಟುಕುವ ಮೊದಲೇ ಹೊರಟುಹೋದ.

ಈಗ ಮೀನುಗಾರಿಕೆ ನಿಷೇಧದ ತಿಂಗಳು.
ಕಾರ್ಖಾನೆ ತಣ್ಣಗಿದೆ. ಊರಿಗೆ ನಾತವಿಲ್ಲ, ದುಡ್ಡೂ ಇಲ್ಲ.
ಕೊಳವೆ ಒಣಗಿ ಜಾಡಿಗಳು ಉಪವಾಸ.
ದೀಪ ನಾಲ್ಕು ನಿಮಿಷಕ್ಕೊಮ್ಮೆ, ಆರಕ್ಕೊಮ್ಮೆ,
ನಿನ್ನೆ ಹತ್ತಕ್ಕೊಮ್ಮೆ.

ರಾತ್ರಿ ಮೀನುತಲೆಯ ಸಾರು ಕಾಯಿಸಿದ್ದೆ.
ಪಾತ್ರೆ ತೊಳೆದ ನೀರನ್ನು ಚೆಲ್ಲಲು ಹೊರಟವಳು ನಿಂತೆ.
ಷೆಡ್ಡಿನ ಬೀಗದ ಕೈ ನನ್ನ ಹತ್ತಿರವೇ ಇತ್ತು.
ಪಕ್ಕದ ಸಣ್ಣ ನಳಿಗೆಯಿಂದ, ಮುಚ್ಚಳ ಮುಟ್ಟದೆ,
ಜಾಡಿಗೊಂದು ಸೌಟು ಬಡಿಸಿದೆ.
ಏಳನೆಯದಕ್ಕೆ ಎರಡು. ಅದೇಕೆ ಎಂದು ಕೇಳಬೇಡ.

ಬೆಳಗ್ಗೆ ಮಿಲುಸ್ಕಾ ಮೀಟರು ನೋಡಿ ಹುಬ್ಬು ಗಂಟಿಕ್ಕಿ,
ಮತ್ತೊಮ್ಮೆ ನೋಡಿ,
ಪುಸ್ತಕದಲ್ಲಿ ಒಂದು ಪ್ರಶ್ನೆಚಿಹ್ನೆ ಬರೆದಳು.
ನಾನು ನೆಲ ಒರೆಸುತ್ತಿದ್ದೆ.